ಊರ ಮಂದಿಗೆ ನಾನೇ ಬಾಯಿ

ಹತ್ತನೇ ವಯಸ್ಸಿಗೇ ನನಗೆ ಆಸ್ಪತ್ರೆಯಲ್ಲಿ ಕೇಸ್ ಪೇಪರ್ ಎಲ್ಲಿ ಮಾಡಿಸಬೇಕು, ಯಾವ ಕಿಟಕಿಯ ಮುಂದೆ ಸಾಲು ಕಡಿಮೆ, ಬೆಂಚಿನ ಮೇಲೆ ಕುಳಿತವರಲ್ಲಿ ಯಾರನ್ನು ಸ್ವಲ್ಪ ಸರಿಯಿರಿ ಎಂದು ಕೇಳಬಹುದು, ಯಾರನ್ನು ಕೇಳಬಾರದು, ಎಲ್ಲ ಗೊತ್ತಿತ್ತು. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇರಲಿಲ್ಲ. ನಮ್ಮ ಮನೆ ಮುಂಬೈಯ ಸಯನ್‌ನಲ್ಲಿತ್ತು. ದೊಡ್ಡಾಸ್ಪತ್ರೆಗೆ ನಡೆದೇ ಹೋಗಬಹುದಿತ್ತು. ವಿಜಯಪುರದ ಕಡೆಯ ತನ್ನ ಹಳ್ಳಿಯಿಂದ ಮುಂಬೈಗೆ ಬಂದು ಕಾಯಂ ನೌಕರಿ ಹಿಡಿದವರಲ್ಲಿ ನಮ್ಮ ಅಪ್ಪನೇ ಮೊದಲಿಗ. ಇವೆಲ್ಲ ಒಂದೇ ಮನೆಯಲ್ಲಿ ಕೂಡಿಬಂದರೆ ಆ ಮನೆಯ ಮಗಳ ಗತಿ ಏನು ಎಂದು ಯಾರೂ ಯೋಚಿಸಿರಲಿಲ್ಲ. ನಾನೂ ಯೋಚಿಸಿರಲಿಲ್ಲ.

ಊರಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದು ಅಲ್ಲಿನ ಡಾಕ್ಟರು ಕೈಚೆಲ್ಲಿದರೆ ಮುಂದಿನ ಮಾತು ಒಂದೇ ಇತ್ತು: "ಮುಂಬೈಗೆ ಹೋಗ್ರಿ, ಅಲ್ಲಿ ನಮ್ಮವರ ಮನಿ ಐತಿ." ರೈಲು ಹತ್ತಿ ಬೆಳಿಗ್ಗೆ ಬಂದು ಇಳಿಯುತ್ತಿದ್ದರು. ಒಂದು ಚೀಲದಲ್ಲಿ ಹಳೆಯ ರಿಪೋರ್ಟು, ಎಕ್ಸ್‌ರೇ. ಇನ್ನೊಂದರಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ನಮ್ಮದು ಹಳೇ ಬಿಲ್ಡಿಂಗಿನಲ್ಲಿ ಒಂದು ರೂಮು, ಒಂದು ಕಿಚನ್. ಬಂದವರು ರೂಮಿನಲ್ಲಿ, ನಾವು ಮೂವರು ಕಿಚನ್‌ನಲ್ಲಿ ಮಲಗುತ್ತಿದ್ದೆವು. ಬೇಡ ಅನ್ನುವ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲ. ಬೇಡ ಅಂದರೆ ಅದು ಊರತುಂಬ ಸುದ್ದಿಯಾಗುತ್ತಿತ್ತು. ಸಿಟ್ಟು ಬಂದಾಗ ಅವ್ವ ಅಪ್ಪನಿಗೆ "ಮನಿಗೆ ಮಾರಿ, ಊರಿಗೆ ಉಪಕಾರಿ" ಎನ್ನುತ್ತಿದ್ದಳು. ಹಾಗೆನ್ನುತ್ತಲೇ ಬಂದವರ ಚಹಾಕ್ಕೆ ನೀರನ್ನೂ ಇಡುತ್ತಿದ್ದಳು.

ಅಪ್ಪನಿಗೆ ವಿಕ್ರೋಳಿಯ ಕಾರ್ಖಾನೆಯಲ್ಲಿ ಶಿಫ್ಟು. ರಜೆ ಹಾಕಿದರೆ ಮೇಲಿನವರ ಮುಖ ಕೆಡುತ್ತಿತ್ತು. ಅವ್ವ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಹತ್ತಿರದ ಒಂದು ಮೆಸ್ಸಿಗೆ ಕೊಡುತ್ತಿದ್ದಳು. ಅದೂ ಅಲ್ಲದೆ ಅವ್ವನಿಗೆ ಹಿಂದಿ ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎಂದರೆ, ತರಕಾರಿ ಕೊಳ್ಳುವಷ್ಟು, ಮೆಸ್ಸಿನವನೊಡನೆ ಜಗಳ ಆಡುವಷ್ಟು ಬರುತ್ತಿತ್ತು. ಡಾಕ್ಟರರ ಹಿಂದಿ ಬೇರೆ, ಅದು ಅವ್ವನಿಗೆ ತಿಳಿಯುವುದಲ್ಲ ಎಂದು ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದೆವು. ಉಳಿದವಳು ನಾನು. ಇಂಗ್ಲಿಷ್ ಮೀಡಿಯಂ ಶಾಲೆ, ಅಲ್ಲಿ ಹಿಂದಿ, ಮರಾಠಿ, ಮನೆಯಲ್ಲಿ ಕನ್ನಡ. ಅಪ್ಪ ಹೊರಡುವಾಗ "ಇವರನ್ನ ಕರಕೊಂಡ್ ಹೋಗಿ ತೋರ್ಸಕೊಂಡ್ ಬಾರವಾ" ಎನ್ನುತ್ತಿದ್ದ. ನಾನು ಶಾಲೆಯ ಯೂನಿಫಾರ್ಮಿನಲ್ಲೇ ಹೊರಡುತ್ತಿದ್ದೆ. ಬೇಗ ಮುಗಿದರೆ ಅರ್ಧ ದಿನದ ಶಾಲೆಯಾದರೂ ಸಿಗಲಿ ಎಂದು.

"ಏನ್ ಪಟಾಪಟಾ ಮಾತಾಡ್ತದ ಹುಡುಗಿ," ಎಂದು ಊರವರು ಬೆರಗಾಗುತ್ತಿದ್ದರು. "ಮುಂದ ಇಕಿನ ಡಾಕ್ಟರ್ ಆಗ್ತಾಳ ನೋಡ್ರಿ." ಅಪ್ಪನ ಮುಖ ಅರಳುತ್ತಿತ್ತು. ನನಗೂ ಮೊದಮೊದಲು ಹಿತವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಹೊಗಳಿ ಅಟ್ಟಕ್ಕೇರಿಸುತ್ತಿದ್ದರು. ಅಟ್ಟದ ಮೇಲೆ ಕುಳಿತವಳಿಗೆ ಇಳಿಯಲು ಏಣಿ ಬೇಕೆಂಬುದು ಕೆಳಗೆ ನಿಂತವರಿಗೆ ನೆನಪಾಗುವುದಿಲ್ಲ.

ಹನ್ನೆರಡು ವರ್ಷದವಳಿದ್ದಾಗ ಒಬ್ಬ ದೂರದ ಅತ್ತೆಯನ್ನು ಹೆಂಗಸರ ವಿಭಾಗಕ್ಕೆ ಕರೆದುಕೊಂಡು ಹೋಗಿದ್ದೆ. ಡಾಕ್ಟರಮ್ಮ ಕೇಳಿದ ಪ್ರಶ್ನೆಗಳು ನನಗೆ ಹಿಂದಿಯಲ್ಲಿ ತಿಳಿದವು, ಕನ್ನಡದಲ್ಲಿ ಆ ಮಾತುಗಳನ್ನು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ. ಹೇಗೋ ಸುತ್ತಿಬಳಸಿ ಕೇಳಿದೆ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನೆಲ ನೋಡಿದಳು. ನಾನೂ ನೆಲ ನೋಡಿದೆ. ಆಕೆ ಹೇಳಿದ ಉತ್ತರವನ್ನು ನಾನು ಡಾಕ್ಟರಮ್ಮನಿಗೆ ಹೇಳಬೇಕಾಯಿತು. ಅದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಶಾಲೆಯ ಗೆಳತಿಯರಿಗಂತೂ ಏನೆಂದು ಹೇಳುವುದು? ಅವರು ಹಿಂದಿನ ದಿನ ನೋಡಿದ ಸೀರಿಯಲ್ ಬಗ್ಗೆ ಮಾತಾಡುತ್ತಿದ್ದರು.

ನಮ್ಮ ಮಂದಿಯಲ್ಲಿ ಇನ್ನೊಂದು ರೂಢಿ ಇದೆ. ಕೆಟ್ಟ ಸುದ್ದಿಯನ್ನು ರೋಗಿಗೆ ಹೇಳುವುದಿಲ್ಲ, ಜೊತೆಗೆ ಬಂದವರಿಗೆ ಹೇಳುತ್ತಾರೆ. ಜೊತೆಗೆ ಬಂದವರೋ ಅಲ್ಲೇ ನೆಲಕ್ಕೆ ಕುಸಿದು ಕೂರುತ್ತಾರೆ, ಅದನ್ನು ನೋಡಿ ರೋಗಿಗೆ ಎಲ್ಲ ತಿಳಿಯುತ್ತದೆ. ಹೀಗೆ ಆಗುವುದನ್ನು ಒಂದೆರಡು ಸಲ ಕಂಡ ಮೇಲೆ ನಾನೇ ಒಂದು ದಾರಿ ಕಂಡುಕೊಂಡೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳುತ್ತಿರಲಿಲ್ಲ. ಬಹಳ ತಡವಾಗಿದೆ ಎಂದರೆ "ಸ್ವಲ್ಪ ದಿನಾ ಹಿಡಿತದಂತ" ಎನ್ನುತ್ತಿದ್ದೆ. ಉಳಿದದ್ದನ್ನು ಸಂಜೆ ಅಪ್ಪನಿಗೆ ಹೇಳುತ್ತಿದ್ದೆ, ಅಪ್ಪ ಊರಿಗೆ ಫೋನ್ ಮಾಡಿ ಹೇಳಬೇಕಾದವರಿಗೆ ಹೇಳುತ್ತಿದ್ದ. ಯಾರೂ ಕಲಿಸಿದ್ದಲ್ಲ ಇದು. ಆದರೆ ಚೆನ್ನಾಗಿ ನಡೆಯುತ್ತಿತ್ತು, ಕಾಕಾ ಬರುವವರೆಗೆ.

ಕಾಕಾ ಅಪ್ಪನ ಚಿಕ್ಕಪ್ಪನ ಮಗ. ಅಪ್ಪನಿಗೆ ಒಡಹುಟ್ಟಿದವರಿಲ್ಲದ್ದರಿಂದ ತಮ್ಮನೆಂದರೆ ಅವನೇ. ನಾನು ಹತ್ತನೇ ಪರೀಕ್ಷೆ ಬರೆದು ಹನ್ನೊಂದನೇ ಕ್ಲಾಸಿಗೆ ಸೇರಿದ್ದ ಸಮಯ. ಹೊಟ್ಟೆನೋವೆಂದು ಕಾಕಿಯ ಜೊತೆ ಬಂದ. ತಿಂಗಳೊಪ್ಪತ್ತು ನಮ್ಮಲ್ಲೇ ಇದ್ದ. ಬೇರೆ ಊರವರಂತಲ್ಲ ಅವನು. ಗೋಡೆಗೆ ಒರಗಿ ಕುಳಿತು ನನ್ನ ಪುಸ್ತಕ ತೆರೆದು, ಒಂದಕ್ಷರ ಇಂಗ್ಲಿಷ್ ಬಾರದಿದ್ದರೂ ಓದಿದಂತೆ ನಟಿಸಿ, "ಇದರಾಗ ತಪ್ಪ ಬರದಾರಲ್ಲವಾ" ಎಂದು ನಗಿಸುತ್ತಿದ್ದ. ನಾನು ಆಸ್ಪತ್ರೆಯಲ್ಲಿ ಓಡಾಡುವಾಗ ನನ್ನ ದಪ್ಪ ಕಾಲೇಜು ಬ್ಯಾಗನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದ. ನನ್ನ ಬ್ಯಾಗು ಹಿಡಿಯಬೇಕೆಂದು ಅಲ್ಲಿಗೆ ಬಂದವರಲ್ಲಿ ಬೇರೆ ಯಾರಿಗೂ ಹೊಳೆದಿರಲಿಲ್ಲ.

ಕಡೆಯ ರಿಪೋರ್ಟು ಬಂದ ದಿನ ಅವ್ವನೂ ಬಂದಿದ್ದಳು. ಕಾಕಾನಿಗೆ ಆಗಲೇ ನಡೆಯುವುದು ಕಷ್ಟವಾಗಿತ್ತು, ಕಾಕಿಯೊಬ್ಬಳಿಂದ ಹಿಡಿದುಕೊಳ್ಳಲು ಆಗುತ್ತಿರಲಿಲ್ಲ. ಡಾಕ್ಟರು ಇನ್ನೂ ಹುಡುಗರಂತಿದ್ದರು, ಒಳ್ಳೆಯವರು. ಅವರಿಬ್ಬರನ್ನೂ ಬೆಂಚಿನ ಮೇಲೆ ಕೂರಲು ಬಿಟ್ಟು ನಮ್ಮನ್ನು ಸ್ವಲ್ಪ ಆಚೆ ಕರೆದರು. ನನ್ನನ್ನು ನೋಡಿ, ಮನೆಯಲ್ಲಿ ದೊಡ್ಡವರು ಯಾರೂ ಇಲ್ಲವೇ ಎಂದು ಹಿಂದಿಯಲ್ಲಿ ಕೇಳಿದರು. ನಾನು ಅವ್ವನನ್ನು ತೋರಿಸಿದೆ. ಅವ್ವ ಯಾವಾಗಿನಂತೆ ತಲೆಯಾಡಿಸಿ, ತನಗೆ ತಿಳಿಯುವುದಿಲ್ಲ, ಮಗಳಿಗೆ ಹೇಳಿ ಎಂದು ಕೈಸನ್ನೆ ಮಾಡಿದಳು. ಅವರು ಉಸಿರು ಬಿಟ್ಟು, ನನಗೇ ಹೇಳಿದರು. ಕಾಯಿಲೆ ಎಲ್ಲ ಕಡೆ ಹಬ್ಬಿದೆ. ಆಪರೇಷನ್ ಮಾಡಿ ಪ್ರಯೋಜನವಿಲ್ಲ. ಊರಿಗೆ ಕರೆದುಕೊಂಡು ಹೋಗಿ, ಏನು ಇಷ್ಟವೋ ಅದನ್ನು ತಿನ್ನಲಿ. ನಿಧಾನವಾಗಿ, ಎರಡು ಸಲ ಹೇಳಿದರು.

ಡಾಕ್ಟರು ಏನಂದರು ಎಂದು ಅವ್ವ ಕೇಳಲಿಲ್ಲ. ಆ ಹೊತ್ತಿನಲ್ಲಿ ಅದು ನನ್ನ ಗಮನಕ್ಕೆ ಬರಲಿಲ್ಲ. "ಕಾಕಾ ದಾರಿ ನೋಡಾಕತ್ತಾನ, ಹೋಗಿ ಹೇಳು," ಎಂದಷ್ಟೇ ಅಂದಳು.

ನನ್ನ ಬ್ಯಾಗನ್ನು ತಬ್ಬಿಕೊಂಡು ಕುಳಿತಿದ್ದ ಕಾಕಾ. "ಏನಂದ್ರವಾ?" ಎಂದ.

"ಆಪರೇಷನ್ ಬ್ಯಾಡಂತ ಕಾಕಾ."

"ಖರೇ?"

"ಖರೇ. ಊರಿಗೆ ಹೋಗಬೌದಂತ. ಏನ್ ಬೇಕಾದ್ರೂ ತಿನ್ನಬೌದಂತ."

ಒಂದು ಮಾತೂ ಸುಳ್ಳಲ್ಲ. ನಾನು ಅದುವರೆಗೆ ಹೇಳಿದ್ದರಲ್ಲೆಲ್ಲ ಅದಕ್ಕಿಂತ ದೊಡ್ಡ ಸುಳ್ಳೂ ಇರಲಿಲ್ಲ. ಕಾಕಾ ನಕ್ಕ. ಕಾಕಿ ಅಲ್ಲೇ ಕೈಮುಗಿದಳು. ಹೊರಗೆ ಬಂದು ಗಾಡಿಯ ಮುಂದೆ ನಿಂತು ಕಾಕಾ ಮಿರ್ಚಿ ಭಜಿ ಬೇಕೆಂದ, ಅರ್ಧ ತಿಂದು ಉಳಿದದ್ದನ್ನು ನನಗೆ ಕೊಟ್ಟ. ಸಂಜೆ ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುವುದರೊಳಗೆ ಕಾಕಾ ತಾನೇ ಎದ್ದು ಹೋಗಿ ಸುದ್ದಿ ಹೇಳಿದ. ಅಪ್ಪ ನನ್ನ ಕಡೆ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಅಪ್ಪನ ಕಣ್ಣಲ್ಲಿ ನೀರು ಬಂತು, ಖುಷಿಗೆ. ಆಮೇಲೆ ಅಪ್ಪನಿಗೆ ನಿಜ ಹೇಳುವುದು ನನ್ನಿಂದ ಆಗಲಿಲ್ಲ. ಬಾಯಲ್ಲಿ ಬಿಸಿ ತುಪ್ಪ, ಉಗುಳಲಾರೆ, ನುಂಗಲಾರೆ. ಮೂರನೆಯ ದಿನ ಅವರು ರೈಲು ಹತ್ತಿದರು.

ಊರು ಸೇರಿದ ಕಾಕಾ, ಮುಂಬೈಗೆ ಹೋಗಿ ಗೆದ್ದು ಬಂದೆ ಎಂದು ಎಲ್ಲರಿಗೂ ಹೇಳಿದನಂತೆ. ಮಗಳ ಮದುವೆಯನ್ನು ದೀಪಾವಳಿಯಾದ ಮೇಲೆ ಮಾಡುವುದೆಂದು ಮಾತು ಕೊಟ್ಟನಂತೆ. ದೀಪಾವಳಿಗೆ ಮೊದಲೇ ತೀರಿಕೊಂಡ. ಅಪ್ಪ ಮಣ್ಣಿಗೆ ಹೋಗಿ ಬಂದ. ಅವನಿಗೆ ಡಾಕ್ಟರರ ಮೇಲೆ ಸಿಟ್ಟು. ಒಂದು ವಾರದ ಮೇಲೆ ಕಾಕಿ ಫೋನ್ ಮಾಡಿ ನನ್ನನ್ನೇ ಕರೆದಳು. "ಕಡೀತನಾ ಆರಾಮ ಆಗ್ತೀನಿ ಅಂತಿದ್ರು ನೋಡವಾ," ಎಂದಳು. "ನೀ ಹೇಳಿದ್ದಿ ಅಂತ." ಬೈಯಲಿಲ್ಲ. ಅವಳ ದನಿಯಲ್ಲಿ ಉಪಕಾರ ಸ್ಮರಣೆಯಂಥದ್ದು ಏನೋ ಇತ್ತು. ಬೈದಿದ್ದರೆ ನನಗೆ ಬದುಕುವುದು ಸುಲಭವಾಗುತ್ತಿತ್ತು.

ಅಲ್ಲಿಂದ ಮುಂದೆ ನನಗೆ ಊಟ ಸೇರಲಿಲ್ಲ. ಕಾಲೇಜಿನಿಂದ ಬಂದು, ಮನೆಗಳ ಸಾಲಿನ ಮುಂದಿನ ಗ್ಯಾಲರಿಯ ತುದಿಯಲ್ಲಿ ನಿಂತು ಮೊದಲು ನಮ್ಮ ಬಾಗಿಲ ಮುಂದಿನ ಚಪ್ಪಲಿಗಳನ್ನು ನೋಡುತ್ತಿದ್ದೆ. ನಮ್ಮವಲ್ಲದ ಜೋಡು ಕಂಡರೆ ಕೆಳಗಿಳಿದು ಹೋಗಿ ಬಸ್ ಸ್ಟಾಪಿನಲ್ಲಿ ಕುಳಿತುಬಿಡುತ್ತಿದ್ದೆ. ಕೂದಲು ಉದುರಿತು. ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಹೋದೆ. ಅವ್ವ ನೆದರಾಗಿದೆ, ಯಾರದೋ ಕಣ್ಣು ಬಿದ್ದಿದೆ ಎಂದು ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ಗ್ಯಾಸ್ ಒಲೆಯ ಮೇಲೆ ಮೆಣಸಿನಕಾಯಿ ಸುಟ್ಟರೆ ಇಡೀ ಗ್ಯಾಲರಿ ಕೆಮ್ಮುತ್ತದೆ. ಪಕ್ಕದ ಮನೆಯವರು ಬೈದರು. ಅಪ್ಪ ರಕ್ತ ಪರೀಕ್ಷೆ ಮಾಡಿಸಿದ. ಎಲ್ಲ ನಾರ್ಮಲ್ ಇದೆ ಎಂದು ಆ ರಿಪೋರ್ಟನ್ನೂ ನಾನೇ ಅವರಿಗೆ ಓದಿ ಹೇಳಿದೆ.

ಪರೀಕ್ಷೆಯ ಮಧ್ಯದಲ್ಲಿ ಖಾಲಿ ಹಾಳೆ ಕೊಟ್ಟು ಎದ್ದು ಬಂದ ದಿನ ಟೀಚರ್ ನನ್ನನ್ನು ಕಾಲೇಜಿನ ಕೌನ್ಸೆಲರ್ ಮ್ಯಾಡಮ್ ಹತ್ತಿರ ಕಳಿಸಿದರು. ಮ್ಯಾಡಮ್ ಕೇಳಿದರು, ಅಪ್ಪ ಕುಡಿಯುತ್ತಾರಾ? ಇಲ್ಲ. ಹೊಡೆಯುತ್ತಾರಾ? ಇಲ್ಲ. ಮನೆಯಲ್ಲಿ ಜಗಳ? ಎಲ್ಲರ ಮನೆಯಲ್ಲಿ ಇರುವಷ್ಟು. ಯಾರಾದರೂ ಓದು ಬಿಡು ಎನ್ನುತ್ತಾರಾ? ಇಲ್ಲ, ಡಾಕ್ಟರ್ ಆಗು ಎನ್ನುತ್ತಾರೆ. ಕೇಳಿ ಕೇಳಿ ಅವರೂ ಸುಸ್ತಾದರು, ಹೇಳಿ ಹೇಳಿ ನನಗೂ ನಾಚಿಕೆಯಾಯಿತು. ಈಗಲೂ ಎಲ್ಲಿಯಾದರೂ ಹದಿಹರೆಯದ ಮಕ್ಕಳ ಮನಸ್ಸಿನ ಮಾತು ಬಂದಾಗ, ಮನೆತನ ಚೆನ್ನಾಗಿದ್ದರೆ ಮಕ್ಕಳೂ ಚೆನ್ನಾಗಿರುತ್ತಾರೆ ಎಂದು ಯಾರಾದರೂ ಅಂದೇ ಅನ್ನುತ್ತಾರೆ. ನಮ್ಮದು ಒಳ್ಳೆಯ ಮನೆ. ಊರಿಗೆಲ್ಲ ಬೇಕಾದ ಮನೆ. ಅಂಥ ಮನೆಯ ಮಗಳಿಗೆ ಅಳಬೇಕೆಂದರೆ ಕಾರಣವೇ ಸಿಗುವುದಿಲ್ಲ.

ಕಡೆಗೆ ಮ್ಯಾಡಮ್ ಪೆನ್ನು ಕೆಳಗಿಟ್ಟು, ಕಾಲೇಜು ಬಿಟ್ಟ ಮೇಲೆ ದಿನಾ ಏನು ಮಾಡುತ್ತೀ ಎಂದು ಸುಮ್ಮನೆ ಕೇಳಿದರು. ಚಪ್ಪಲಿಗಳ ವಿಷಯ ಬಾಯಿಂದ ಬಂತು. ಅದರ ಹಿಂದೆ ಅತ್ತೆ, ಆಸ್ಪತ್ರೆ, ಕಾಕಾ. ಅಷ್ಟನ್ನು ನಾನು ಯಾರ ಮುಂದೂ ಹೇಳಿರಲಿಲ್ಲ. ಮರುದಿನ ಮನೆಯಿಂದ ದೊಡ್ಡವರನ್ನು ಕರೆದುಕೊಂಡು ಬಾ ಎಂದರು.

ಅಪ್ಪನಿಗೆ ಶಿಫ್ಟಿತ್ತು, ಅವ್ವ ಬಂದಳು. ಇಸ್ತ್ರಿ ಸೀರೆ ಉಟ್ಟು, ಕುರ್ಚಿಯ ತುದಿಯಲ್ಲಿ ಕುಳಿತಳು. ನಿಮಗೆ ಹಿಂದಿ ತಿಳಿಯುತ್ತದೆಯೇ ಎಂದು ಮ್ಯಾಡಮ್ ಕೇಳಿದರು. ಅವ್ವ ತಲೆಯಾಡಿಸಿ ನನ್ನ ಕಡೆ ಕೈ ತೋರಿಸಿದಳು. ಕನ್ನಡ ಬಲ್ಲವರು ಕಾಲೇಜಿನಲ್ಲಿ ಬೇರೆ ಯಾರೂ ಇರಲಿಲ್ಲ. ಇನ್ನೊಂದು ದಿನ ಅಪ್ಪನನ್ನು ಕರೆಸಲೇ ಎಂದು ಮ್ಯಾಡಮ್ ನನ್ನನ್ನು ಕೇಳಿದರು. ಬೇಡ, ನಾನೇ ಹೇಳುತ್ತೇನೆ ಎಂದೆ. ಅಭ್ಯಾಸ.

ಮ್ಯಾಡಮ್ ಅವ್ವನ ಮುಖವನ್ನೇ ನೋಡುತ್ತ ಹಿಂದಿಯಲ್ಲಿ ಹೇಳಿದರು: ನಿಮ್ಮ ಮಗಳು ದೊಡ್ಡವರು ಹೊರಬೇಕಾದ ಭಾರವನ್ನು ಸಣ್ಣವಳಿದ್ದಾಗಿನಿಂದ ಹೊತ್ತಿದ್ದಾಳೆ. ತನ್ನ ಕಾಕಾನನ್ನು ತಾನು ಮೋಸ ಮಾಡಿ ಕಳಿಸಿದೆ ಎಂದುಕೊಂಡಿದ್ದಾಳೆ. ಮನೆಗೆ ಬರಲು ಅವಳಿಗೆ ಭಯವಾಗುತ್ತದೆ.

ನಾನು ಅವ್ವನ ಕಡೆ ತಿರುಗಿದೆ. "ಓದಿನ ಟೆನ್ಶನ್ ಐತಂತ ಅವ್ವಾ," ಎಂದೆ. "ಸ್ವಲ್ಪ ಬರೋಬ್ಬರಿ ಉಣ್ಣಬೇಕಂತ, ನಿದ್ದಿ ಮಾಡಬೇಕಂತ. ಬಾಕಿ ಏನಿಲ್ಲಂತ."

ಅವ್ವ ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮ್ಯಾಡಮ್ ಕಡೆ ತಿರುಗಿ, ಮೆಸ್ಸಿನವನೊಡನೆ ಜಗಳವಾಡುವ ಅದೇ ಹಿಂದಿಯಲ್ಲಿ, "ಮ್ಯಾಡಮ್, ಯೇ ಬರಾಬರ್ ನಹೀ ಬೋಲ್ತಿ," ಎಂದಳು. ಇವಳು ಸರಿಯಾಗಿ ಹೇಳುತ್ತಿಲ್ಲ. "ತುಮ್ ಬೋಲಾ, ವೋ ಮೇರೇಕೋ ಸಮ್ಜಾ." ನೀವು ಹೇಳಿದ್ದು ನನಗೆ ತಿಳಿಯಿತು.

ಮ್ಯಾಡಮ್ ಆಮೇಲೆ ಅವ್ವನೊಡನೆ ಏನೇನೋ ಮಾತಾಡಿದರು. ನನಗೆ ಯಾವುದೂ ಕಿವಿಗೆ ಬೀಳಲಿಲ್ಲ. ನನ್ನ ತಲೆಯಲ್ಲಿ ಒಂದೇ ಲೆಕ್ಕ ನಡೆದಿತ್ತು. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಕುಳಿತ ಮೇಲೆ ಕೇಳಿದೆ.

"ನಿನಗ ಹಿಂದಿ ಬರ್ತದ."

"ಈ ಊರಾಗ ಇಷ್ಟು ವರ್ಷ ತಗದೀನಿ. ಬರ್ಲಾರದ ಏನ್?"

"ಹಂಗಾರ ಕಾಕಾನ ರಿಪೋರ್ಟ್ ಬಂದ್ ದಿನಾ? ಡಾಕ್ಟರ್ ಅಂದಿದ್ದು?"

ನಮ್ಮ ಬಸ್ಸು ಬಂತು, ನಾವಿಬ್ಬರೂ ಏಳಲಿಲ್ಲ, ಹೋಯಿತು.

"ತಿಳೀತು," ಎಂದಳು ಅವ್ವ.

"ಎಲ್ಲಾ?"

"ಎಲ್ಲಾ ತಿಳೀತು."

"ಮತ್ತ ಯಾಕ ಸುಮ್ಮನಿದ್ದಿ?"

"ತಿಳದೈತಿ ಅಂದ್ರ ನಾನ ಹೇಳಬೇಕಾಗ್ತಿತ್ತು." ಸೆರಗಿನಿಂದ ಮೂಗು ಒರೆಸಿಕೊಂಡಳು. "ನನಗ ಧೈರ್ಯ ಆಗ್ಲಿಲ್ಲ. ನೀ ಸಣ್ಣಾಕಿ, ನಿನಗ ಅಷ್ಟು ಹತ್ತೂದಿಲ್ಲ ಅನ್ಕೊಂಡೆ. ಹುಡುಗೂರು ಲಗೂನ ಮರೀತಾವ ಅಂತ."

ನನಗೆ ಬಂದ ಸಿಟ್ಟನ್ನು ಈಗ ಬರೆಯಲು ಹೊರಟರೂ ಕೈ ಭಾರವಾಗುತ್ತದೆ. ಅಷ್ಟು ವರ್ಷ ಒಬ್ಬಳೇ ನಿಂತಿದ್ದೆನೆಂದುಕೊಂಡ ಕಡೆ ಪಕ್ಕದಲ್ಲೇ ಇನ್ನೊಬ್ಬಳು ಎಲ್ಲ ಕೇಳಿಸಿಕೊಂಡು ಕಿವುಡಿಯಂತೆ ನಿಂತಿದ್ದಳು. ಆ ಇನ್ನೊಬ್ಬಳು ನನ್ನ ಅವ್ವ. ಆದರೆ ಸಿಟ್ಟಿನ ಹಿಂದೆಯೇ ಸ್ವಲ್ಪ ಹಗುರವೂ ಆಯಿತು, ಅದನ್ನೂ ಹೇಳಬೇಕು. ನಾನು ಕಾಕಾನಿಗೆ ಏನು ಹೇಳಲಿಲ್ಲ ಎಂಬುದು ಭೂಮಿಯ ಮೇಲೆ ಇನ್ನೊಬ್ಬರಿಗೆ ಗೊತ್ತಿತ್ತು. ನಾನು ಅವ್ವನೊಡನೆ ಮಾತಾಡದೆ ಮನೆಗೆ ಬಂದೆ, ಅನೇಕ ದಿನ ಹಾಗೇ ಇದ್ದೆ. ಅವಳು ಮಾತಾಡಿಸಲು ಹೋಗಲಿಲ್ಲ. ಅಪ್ಪನಿಗೆ ಎಲ್ಲವನ್ನೂ ಅವಳೇ ಹೇಳಿದಳು. ಅಪ್ಪ ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೆಯ ದಿನ ಡ್ಯೂಟಿಗೆ ಹೊರಡುವಾಗ ನನ್ನ ತಲೆಯ ಮೇಲೆ ಕೈಯಿಟ್ಟು ಹೋದ.

ಊರಿನಿಂದ ಬರುವವರೇನೂ ನಿಲ್ಲಲಿಲ್ಲ. ಇದೆಲ್ಲ ಅವರಿಗೆ ಹೇಗೆ ಗೊತ್ತಾಗಬೇಕು? ಬೇಸಿಗೆಗೆ ಮೊದಲು ಅಪ್ಪನ ಸೋದರತ್ತೆ ಬಂದಳು. ನಾನು ಆಯಿ ಎನ್ನುತ್ತಿದ್ದೆ. ಎರಡೂ ಕಣ್ಣು ಮಂಜಾಗಿ, ಗೋಡೆ ಸವರಿಕೊಂಡು ನಡೆಯುತ್ತಿದ್ದಳು. ಊರಿನ ಯಾರೋ ಅವಳನ್ನು ನಮ್ಮ ಬಾಗಿಲಿಗೆ ಬಿಟ್ಟು ತಮ್ಮ ಕೆಲಸಕ್ಕೆಂದು ಕಾಂದಿವಲಿಗೆ ಹೋದರು. ಬೆಳಿಗ್ಗೆ ನಾನು ರೂಢಿಯಂತೆ ರಿಪೋರ್ಟಿನ ಚೀಲಕ್ಕೆ ಕೈ ಹಾಕಿದೆ. ಅವ್ವ ನನ್ನ ಕೈಯಿಂದ ಅದನ್ನು ತೆಗೆದುಕೊಂಡಳು. "ನೀ ಕಾಲೇಜಿಗೆ ಹೋಗು," ಎಂದಳು. ಮೆಸ್ಸಿಗೆ ಆ ದಿನ ರೊಟ್ಟಿ ಹೋಗಲಿಲ್ಲ.

ಮಧ್ಯಾಹ್ನ ನಾನು ಬರುವಷ್ಟರಲ್ಲಿ ಇಬ್ಬರೂ ಬಂದಿದ್ದರು. ಬಾಗಿಲ ಮುಂದೆ ಆಯಿಯ ಹರಿದ ಚಪ್ಪಲಿ ಇತ್ತು. ಈ ಸಲ ಕೆಳಗಿಳಿಯದೆ ಒಳಗೆ ಹೋದೆ. ಆಯಿ ರೂಮಿನಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಅವ್ವ ಕಿಚನ್‌ನಲ್ಲಿ ಕಟ್ಟೆಗೆ ಕೈಯೂರಿ ನಿಂತಿದ್ದಳು, ಸೀರೆ ಕೂಡ ಬದಲಿಸಿರಲಿಲ್ಲ.

"ಏನಂದ್ರು?" ಎಂದು ಮೆಲ್ಲಗೆ ಕೇಳಿದೆ.

"ಬರೂದಿಲ್ಲಂತ. ಎರಡೂ ಕಣ್ಣು. ಭಾಳ ತಡಾ ಆತಂತ." "ಇನ್ನೂ ಹೇಳಿಲ್ಲ. ದಾರಿ ತುಂಬ ಕೇಳಿದ್ರು, ಮನಿಗೆ ಹೋಗಿ ಹೇಳ್ತೀನಿ ಅಂದೆ." ಆಮೇಲೆ ಕೇಳಿದಳು, "ನೀ ಹೆಂಗ ಹೇಳ್ತಿದ್ದಿ?"

"ನಾ ಎಲ್ಲಿ ಹೇಳ್ತಿದ್ದೆ ಅವ್ವಾ."

ಅವ್ವ ನನ್ನನ್ನು ನೋಡಿದಳು. ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡಳು, ಒರೆಸಿಕೊಂಡು ರೂಮಿಗೆ ಹೋದಳು. ಅವಳು ಆಯಿಯ ಪಕ್ಕ ನೆಲದ ಮೇಲೆ ಕೂರುವಾಗ ಬಳೆಯ ಸದ್ದಾಯಿತು.

"ಹುಡುಗಿ ಬಂದ್ಲೇನ?" ಆಯಿ ಕೇಳಿದಳು. "ಆಕಿನ್ನ ಕರಿ ತಂಗಿ. ಡಾಕ್ಟರ್ ಏನಂದ್ರೂ ಆಕಿ ಬರೋಬ್ಬರಿ ಹೇಳ್ತಾಳಂತ ಊರಾಗ ಎಲ್ಲಾರೂ ಅಂತಾರ."

ನಾನು ರೂಮಿನ ಕಡೆ ಒಂದು ಹೆಜ್ಜೆ ಇಟ್ಟೆ.

"ಆಕಿ ಉಣ್ಣಾಕತ್ತಾಳ ಅತ್ತಿ," ಎಂದಳು ಅವ್ವ. "ನಾನ ಹೇಳ್ತೀನಿ. ಕೈ ಕೊಡ್ರಿ ಇಲ್ಲೆ."

ನಾನು ಉಣ್ಣುತ್ತಿರಲಿಲ್ಲ. ತಾಟು ತೆಗೆದುಕೊಂಡು, ರೊಟ್ಟಿ ಪಲ್ಯ ಹಾಕಿಕೊಂಡು, ಉಣ್ಣಲು ಕುಳಿತೆ.